ಕೊಟ್ಟಿಗೆಯ ಗೂಡಿನಲ್ಲಿ ಒಂದು ವೈನ್ ಬಾಟಲಿ

ವೈನ್ ಬಗ್ಗೆ ನಿಮಗೇನಾದರೂ ತಿಳಿಯಬೇಕಿದ್ದರೆ ನಮ್ಮ ಸೋದರಮಾವನನ್ನು ಕೇಳಿ. ದ್ರಾಕ್ಷಿ ಬಳ್ಳಿಯನ್ನು ಎಷ್ಟು ಎತ್ತರಕ್ಕೆ ಹಬ್ಬಿಸಬೇಕು, ತಿಳಿಗೆಂಪು ವೈನಿಗೂ ಕಡುಗೆಂಪು ವೈನಿಗೂ ಏನು ವ್ಯತ್ಯಾಸ, ಯಾವುದನ್ನು ಎಷ್ಟು ತಣ್ಣಗಿಡಬೇಕು, ಎಲ್ಲವನ್ನೂ ಗಂಟೆಗಟ್ಟಲೆ ಹೇಳುತ್ತಾರೆ. ದಿಂಬಂನಿಂದ ತಾಳವಾಡಿಯವರೆಗೆ ಅವರಷ್ಟು ತಿಳಿದವರು ಇನ್ನೊಬ್ಬರಿಲ್ಲ, ಬೇಕಾದರೆ ಬಾಜಿ ಕಟ್ಟುತ್ತೇನೆ. ಒಂದೇ ಒಂದು ಕೊರತೆ. ಜನ್ಮದಲ್ಲಿ ಅವರು ಒಂದು ತೊಟ್ಟು ವೈನನ್ನೂ ಬಾಯಿಗೆ ಬಿಟ್ಟುಕೊಂಡವರಲ್ಲ!

ಇರಲಿ, ಮೊದಲಿಂದ ಹೇಳುತ್ತೇನೆ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆತನ. ಹೆಂಡ, ಸಾರಾಯಿ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮತ್ತೆ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರುತ್ತಾರೆ. ಅವರೇನೂ ಆ ಮಾತು ಆಡಿರುವುದಿಲ್ಲ, ಕೇಳಿರುತ್ತಾರೆ ಅಷ್ಟೆ. ಕೆಮ್ಮಿಗೆಂದು ಡಾಕ್ಟರು ಕೊಟ್ಟ ಔಷಧಿಯನ್ನೂ ಎರಡು ಸಲ ಮೂಸಿ ನೋಡಿಯೇ ಹೊಸಿಲು ದಾಟಿಸುತ್ತಾರೆ. ಅಂಥ ಮನೆಗೆ ವೈನು ಬಂದದ್ದು ಹೇಗೆ? ಅದಕ್ಕೆ ಕಾರಣ ಮಾವನಿಗಿರುವ ಒಂದು ಕಾಯಿಲೆ. ಸತ್ಯಮಂಗಲದಲ್ಲೂ ಅದಕ್ಕೆ ಔಷಧಿಯಿಲ್ಲ, ಮೈಸೂರಿನಲ್ಲೂ ಇಲ್ಲ. ಬಾಯಿಂದ ಒಂದು ಮಾತು ಬಂದರೆ ಅದನ್ನು ನಡೆಸದೆ ಅವರಿಗೆ ನಿದ್ದೆ ಹತ್ತುವುದಿಲ್ಲ.

ನಾವು ನೀವೆಲ್ಲ ದಿನಕ್ಕೆ ಹತ್ತು ಮಾತು ಕೊಡುತ್ತೇವೆ. "ಬರ್ತೀನಿ" ಅಂತೀವಿ, ಹೋಗುವುದಿಲ್ಲ. "ಫೋನ್ ಮಾಡ್ತೀನಿ" ಅಂತೀವಿ, ಮಾಡುವುದಿಲ್ಲ. ಕೇಳಿದವರೂ ಅದನ್ನು ನಂಬಿರುವುದಿಲ್ಲ, ಹಾಗಾಗಿ ಲೋಕ ಸುಖವಾಗಿ ನಡೆಯುತ್ತದೆ. ಮಾವ ಒಮ್ಮೆ ದೊಡ್ಡಗಾಜನೂರಿನ ರೈತರೊಬ್ಬರಿಂದ ಹಸು ಕೊಂಡರು. ಹಗ್ಗ ಕೈಗಿಡುವಾಗ ಆ ರೈತರು ಕಣ್ಣೊರೆಸಿಕೊಂಡು, "ಇವ್ಳು ಎಂಗವ್ಳ ಅಂತ ಆಗಾಗ ಬಂದು ಯೋಳಪ್ಪ" ಅಂದರಂತೆ. ಹಸು ಮಾರುವವರೆಲ್ಲ ಅನ್ನುವ ಮಾತು ಅದು. ಮಾವ "ಯೋಳ್ತೀನಿ" ಅಂದುಬಿಟ್ಟರು. ಅವತ್ತಿನಿಂದ ಎರಡು ತಿಂಗಳಿಗೊಮ್ಮೆ ನಡೆದು ಹೋಗಿ, ಹಸು ಎಷ್ಟು ಮೇಯ್ತು, ಎಷ್ಟು ಕರೆಯಿತು, ಯಾರಿಗೆ ಹಾಯಿತು ಎಂದೆಲ್ಲ ಒಪ್ಪಿಸಿ ಬರತೊಡಗಿದರು. ಹಸು ಸತ್ತಾಗ ಸಾವಿನ ಸುದ್ದಿ ಹೇಳಿ ಬಂದರು. ಆಮೇಲಾದರೂ ಬಿಟ್ಟರೇ? ಅದರ ಮಗಳು ಮೊಮ್ಮಗಳ ಸಮಾಚಾರ ಇವತ್ತಿಗೂ ದೊಡ್ಡಗಾಜನೂರಿಗೆ ಹೋಗುತ್ತಿದೆ. ಆ ರೈತರೇ ಒಂದು ದಿನ ಸಂತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ನಿಮ್ ಮಾವುಂಗ ಸಾಕು ಅಂತ ಯೋಳವ್ವ. ಆ ಅಸೂನೇ ನಾನು ಮರ್ತುಬುಟ್ಟಿವ್ನಿ" ಅಂದರು. ನಾನು ಬಂದು ಹೇಳಿದೆ.

"ಅಂವ ಮರ್ತ್ರ ನಾನೂ ಮರ್ತ್ಬುಡ್ಬೇಕ?" ಅಂದರು ಮಾವ.

ಇಂಥ ಮನುಷ್ಯ ಹೋದ ಮಾಗಿಯಲ್ಲಿ ಪಂಪಿನ ಸಾಮಾನು ತರಲು ಸತ್ಯಮಂಗಲಕ್ಕೆ ಹೋಗಿದ್ದರು. ವಾಪಸ್ ಬರುವಾಗ ಘಾಟಿಯ ತಿರುವಿನಲ್ಲಿ ಒಂದು ಲಾರಿ ಅಡ್ಡ ನಿಂತು ಹಿಂದೆ ಮುಂದೆ ಎಲ್ಲ ಬಂದಾಯಿತು. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಬಸ್ಸಿನವರೆಲ್ಲ ಇಳಿದು ದಿಂಬಂವರೆಗೆ ಹತ್ತಿ, ಟೀ ಅಂಗಡಿಯ ಮುಂದೆ ಕೂತರು. ಮಾವ ಬುತ್ತಿ ಬಿಚ್ಚಿದರು. ರಾಗಿ ರೊಟ್ಟಿ, ಅತ್ತೆ ಕುಟ್ಟಿದ ಹುಚ್ಚೆಳ್ಳು ಪುಡಿ. ಎದುರಿಗೆ ಬಿಳಿ ಗಡ್ಡದ ಪರದೇಶದ ಮುದುಕರೊಬ್ಬರು ಸುಮ್ಮನೆ ಟೀ ಹಿಡಿದು ಕೂತಿದ್ದರು. ಅವರ ಟ್ಯಾಕ್ಸಿಯೂ ಅದೇ ಲಾರಿಯ ಹಿಂದೆ ಸಿಕ್ಕಿಕೊಂಡಿತ್ತು. ಎದುರಿಗೆ ಒಬ್ಬರು ಹಸಿದು ಕೂತಿರುವಾಗ ತಾನು ತಿನ್ನುವುದು ಹೇಗೆ? ಮಾವ ಡಬ್ಬಿಯನ್ನು ಮುಂದೆ ಚಾಚಿದರು.

ಆಮೇಲೆ ನಡೆದದ್ದನ್ನು ಮಾವ ಊರಲ್ಲಿ ಕನಿಷ್ಠ ಇನ್ನೂರು ಜನಕ್ಕೆ ಹೇಳಿದ್ದಾರೆ. ಆ ಮುದುಕರು ಒಂದು ತುಂಡು ರೊಟ್ಟಿಯನ್ನು ಪುಡಿಗೆ ಅದ್ದಿ ಬಾಯಿಗಿಟ್ಟು ಕಣ್ಣು ಮುಚ್ಚಿದರಂತೆ. ಎಷ್ಟು ಹೊತ್ತಾದರೂ ತೆರೆಯಲಿಲ್ಲವಂತೆ. ಮಾವ ಗಾಬರಿಯಾಗಿ ನೀರಿನ ಲೋಟ ಹುಡುಕುವಷ್ಟರಲ್ಲಿ ಅವರು ಕಣ್ಣು ಬಿಟ್ಟು ಮಾತಾಡತೊಡಗಿದರು. ಅವರ ಇಂಗ್ಲಿಷನ್ನು ಕೊಯಮತ್ತೂರಿನ ಟ್ಯಾಕ್ಸಿ ಡ್ರೈವರು ತಮಿಳಿಗೆ ತಂದರು. ಮೊದಲು ಕಾದ ಕಲ್ಲಿನ ಹೊಗೆ ಬಂತಂತೆ, ಆಮೇಲೆ ಮೊದಲ ಮಳೆ ಬಿದ್ದ ಮಣ್ಣು, ಕೊನೆಗೆ ನಾಲಗೆಯ ಬುಡದಲ್ಲಿ ಒಂದಿಷ್ಟೇ ಇಷ್ಟು ಎಣ್ಣೆಯ ಕಹಿ. ಇದನ್ನು ಮಾಡಿದ ಕೈ ಅವಸರದ ಕೈಯಲ್ಲ ಎಂದೂ ಹೇಳಿದರಂತೆ.

ಮಾವ ದಂಗಾಗಿಬಿಟ್ಟರು. ನಲವತ್ತು ವರ್ಷ ಆ ರೊಟ್ಟಿ ತಿಂದು ಅವರು ಆಡಿದ ಒಟ್ಟು ಮಾತು ಒಂದೇ: "ಇನ್ನೊಂದ್ ಆಕು."

ಮುದುಕರು ಖಾಲಿ ಡಬ್ಬಿ ವಾಪಸ್ ಕೊಡುವಾಗ ಬ್ಯಾಗಿನಿಂದ ಒಂದು ಬಾಟಲಿ ತೆಗೆದು ಅದರ ಜೊತೆಗೇ ಇಟ್ಟರು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು ಎನ್ನುವುದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಪರದೇಶದವರಿಗೂ ಗೊತ್ತಿದೆಯಲ್ಲ ಎಂದು ಮಾವ ಹಿಗ್ಗಿಹೋದರು. ತಾನೇ ಬೆಳೆದು ತಾನೇ ಮಾಡಿದ್ದು, ಬರುವ ಮಾಗಿಗೆ ಮತ್ತೆ ಈ ಕಡೆ ಬರುತ್ತೇನೆ, ನಿಮ್ಮ ರೊಟ್ಟಿಯ ರುಚಿ ನಾನು ಹೇಳಿದ ಹಾಗೆ ಇದರ ರುಚಿ ನೀವು ಹೇಳಬೇಕು ಎಂದರು ಮುದುಕರು. ಮಾವ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ತಿಳಿಗೆಂಪು. ಆ ಕಡೆ ನಿಂತ ಕೋತಿಯೂ ಕಾಣುತ್ತಿತ್ತು. ಮದುವೆ ಮನೆಯಲ್ಲಿ ಕೊಡುವ ಶರಬತ್ತಿಗೂ ಇದಕ್ಕೂ ಏನು ವ್ಯತ್ಯಾಸ? ಮಾವ ಅವರ ಕೈ ಮೇಲೆ ಕೈ ಹಾಕಿ ಮಾತು ಕೊಟ್ಟುಬಿಟ್ಟರು.

ನಾನು ತಾಳವಾಡಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವವಳು. ಹಾಗಾಗಿ ನಮ್ಮ ನೆಂಟರಲ್ಲಿ ಯಾರ ಮನೆಗೆ ಇಂಗ್ಲಿಷ್ ಅಕ್ಷರ ಬಂದರೂ, ಅದು ಮಾತ್ರೆಯಾಗಲಿ, ಬೀಜದ ಪೊಟ್ಟಣವಾಗಲಿ, ನನಗೆ ಕರೆ ಬರುತ್ತದೆ. ಹೋದೆ. ಮಾವ ಬಾಟಲಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು.

"ಯಾವ ಅಣ್ಣಿನ ಶರಬತ್ತು ನೋಡವ್ವ ಇದು? ನಿಮ್ಮತ್ತ ಲೋಟ ತೊಳ್ದು ಮಡ್ಗವ್ಳ."

ಓದಿದೆ. ಇನ್ನೊಂದು ಸಲ ಓದಿದೆ. "ಮಾವ, ಇದು ಶರಬತ್ತಲ್ಲ. ವೈನು."

ಮಾವ ಬಾಟಲಿಯನ್ನು ತೊಡೆಯಿಂದ ಇಳಿಸಿ ನೆಲದ ಮೇಲಿಟ್ಟು, ಒಂದು ಮಾರು ಆಚೆ ಸರಿದು ಕೂತರು. ಒಳಗೆ ಲೋಟ ಬಿದ್ದ ಸದ್ದಾಯಿತು. ಅತ್ತೆ ಹೊರಬಂದು ಬಾಟಲಿಯನ್ನು ನೋಡಿದರು, ಗಂಡನನ್ನು ನೋಡಿದರು, ಹೋಗಿ ಬಾಯಿ ಮುಕ್ಕಳಿಸಿ ಬಂದರು.

"ಆಚ್ಗ ಚೆಲ್ಲಿ" ಅಂದರು.

"ಚೆಲ್ಬುಟ್ರ ರುಚಿ ಎಂಗ ಯೋಳ್ಲಿ? ಮಾತ್ ಕೊಟ್ಟುಬುಟ್ಟಿವ್ನಿ."

"ಕುಡೀತೀರಾ ಅಂಗಾರ?"

"ಶಿವಶಿವಾ! ಕುಡಿಯಕ್ಕಾದದ?"

ಇಲ್ಲಿಂದ ಶುರುವಾಯಿತು ನೋಡಿ ಮಾವನ ಸಂಕಟ. ಕುಡಿಯುವ ಹಾಗಿಲ್ಲ, ರುಚಿ ಹೇಳದೆ ಇರುವ ಹಾಗಿಲ್ಲ. ಸುಳ್ಳು ಹೇಳುವ ಹಾಗಂತೂ ಮೊದಲೇ ಇಲ್ಲ. ಕೈಯಲ್ಲಿ ಒಂದು ವರ್ಷ ಸಮಯವಿತ್ತು.

ಮೊದಲ ಪ್ರಶ್ನೆ, ಬಾಟಲಿಯನ್ನು ಇಡುವುದೆಲ್ಲಿ? ಮನೆಯೊಳಗೆ ಬೇಡ ಎಂದರು ಅತ್ತೆ. ಮಾವ ಅದನ್ನು ಹೊಲದಲ್ಲಿ ಕಾವಲಿಗೆ ಕಟ್ಟಿದ್ದ ಅಟ್ಟಣೆಯ ಮೇಲಿಟ್ಟು ಬಂದರು. ಊರಿಗೆ ಊರೇ ಹೆದರಿತು. ಹಲಸಿನ ಹಣ್ಣಿನ ವಾಸನೆಗೇ ಮೈಲಿಗಟ್ಟಲೆ ನಡೆದು ಬರುವ ಆನೆ, ಇನ್ನು ಇದರ ವಾಸನೆ ಹಿಡಿದರೆ ಬಿಟ್ಟೀತೇ? ಸುಮ್ಮನಿದ್ದಾಗಲೇ ಅದನ್ನು ಓಡಿಸಲಾಗುವುದಿಲ್ಲ, ಕುಡಿದ ಆನೆಯನ್ನು ಯಾರು ಓಡಿಸುತ್ತಾರೆ? ಪಕ್ಕದ ಹೊಲದವರು ಬಂದು ಗಲಾಟೆ ಮಾಡಿದ ಮೇಲೆ ಬಾಟಲಿ ಕೊಟ್ಟಿಗೆಯ ಗೋಡೆಯ ಗೂಡಿಗೆ ಬಂತು. ತಿಳಿಗೆಂಪಿನ ವೈನನ್ನು ಸ್ವಲ್ಪ ತಣ್ಣಗಿಡಬೇಕಂತೆ ಎಂದು ನಾನು ಫೋನಿನಲ್ಲಿ ಓದಿದ್ದನ್ನು ಬಾಯಿ ತಪ್ಪಿ ಹೇಳಿದೆ. ಅವತ್ತಿನಿಂದ ಮಾವ ದಿನಕ್ಕೆರಡು ಸಲ ಗೋಣಿಚೀಲ ನೆನೆಸಿ ಅದಕ್ಕೆ ಸುತ್ತತೊಡಗಿದರು. ಹಸು ಅದನ್ನು ಅಸೂಯೆಯಿಂದ ನೋಡುತ್ತಿತ್ತು.

ಎರಡನೆಯದು ವಿಚಾರಣೆ. "ಕುಡೀದಿದ್ರೂ ಪರಿಚಯ ಮಾಡ್ಕಬೋದಲ್ವ? ಯಾವೂರ್ದು, ಯಾರ ಪೈಕಿ, ಎಲ್ಲ ತೆಗಿ" ಎಂದು ನನ್ನನ್ನು ಕೂರಿಸಿದರು. ಹೆಣ್ಣಿನ ಕಡೆಯವರನ್ನೂ ನಮ್ಮಲ್ಲಿ ಇಷ್ಟು ವಿಚಾರಿಸುವುದಿಲ್ಲ. ನಾನು ಹುಡುಕಿ ಹುಡುಕಿ ಹೇಳಿದೆ. ಇಟಲಿಯ ಉತ್ತರದ ತುತ್ತತುದಿಯ ಬೆಟ್ಟದ ಸೀಮೆ, ದಕ್ಷಿಣ ಟಿರೋಲ್ ಅಂತ. ದೊಡ್ಡ ಹೆಸರಿನ ವೈನುಗಳ ನಡುವೆ ಇದನ್ನು ಕೇಳುವವರು ಕಡಿಮೆ. ಬಣ್ಣ ತೆಳು, ಮೈ ಹಗುರ. ದ್ರಾಕ್ಷಿಯನ್ನು ಚಪ್ಪರ ಹಾಕಿ ಹಬ್ಬಿಸುತ್ತಾರೆ.

"ಚಪ್ಪರ್ದ ಮ್ಯಾಲ? ನಮ್ ಸೋರೆಕಾಯಂಗ?" ಮಾವನ ಮುಖ ಅರಳಿತು.

"ಇನ್ನೂ ಒಂದದೆ ಕೇಳಿ ಮಾವ. ರಾಜ್ಯ ಇಟಲಿಯವರದ್ದು. ಮನೇಲಿ ಆಡೋ ಮಾತು ಮಾತ್ರ ಜರ್ಮನ್. ಅದಕ್ಕೇ ಬಾಟಲಿಗೆ ಅಂಟಿಸಿರೋ ಚೀಟಿ ಮೇಲೆ ಎರಡು ಭಾಷೆ."

ಮಾವ ಬಾಟಲಿಯನ್ನು ತಂದು ಆ ಚೀಟಿಯನ್ನು ಬಹಳ ಹೊತ್ತು ನೋಡಿದರು. ನಮ್ಮ ಪಾಡು ನಿಮಗೆ ಗೊತ್ತಲ್ಲ? ಮನೆಯಲ್ಲಿ ಕನ್ನಡ, ರಾಜ್ಯ ತಮಿಳುನಾಡು, ತಾಲೂಕು ಆಫೀಸಿಗೆ ಹೋದರೆ ತಮಿಳಿನಲ್ಲಿ ಅರ್ಜಿ. ಚಾಮರಾಜನಗರದ ನೆಂಟರು "ನೀವು ತಮಿಳುನಾಡಿನವರು" ಅಂತಾರೆ, ಈರೋಡಿನವರು "ನೀವು ಕನ್ನಡದವರು" ಅಂತಾರೆ. ತಾಳವಾಡಿ ಎಂದರೆ ಇಬ್ಬರೂ "ಅದೆಲ್ಲಿ ಬರುತ್ತೆ?" ಅಂತಾರೆ.

"ಅಯ್ಯೋ ಪಾಪ, ನಮ್ಮೋರೆ ಕಣವ್ವ ಇವ್ರು" ಅಂದರು ಮಾವ. ಅವತ್ತಿನಿಂದ ಗೋಣಿಚೀಲ ದಿನಕ್ಕೆ ಮೂರು ಸಲ ನೆನೆಯತೊಡಗಿತು.

ಎಲ್ಲ ತಿಳಿಯಿತು, ರುಚಿಯೊಂದು ಬಿಟ್ಟು. ನಾನು ಒಂದು ಸುಲಭದ ದಾರಿ ತೋರಿಸಿದೆ. ಬಲ್ಲವರು ಇದರ ರುಚಿಯನ್ನು ಬರೆದಿಟ್ಟಿದ್ದಾರೆ, ಚೆರಿ, ಸ್ಟ್ರಾಬೆರಿ, ನೇರಳೆ ಬಣ್ಣದ ಒಂದು ಹೂವು, ಕೊನೆಗೆ ಬಾದಾಮಿ, ಇಷ್ಟು ಹೇಳಿಬಿಡಿ ಎಂದೆ.

"ಬಾದಾಮಿ ಬುಟ್ರ ಇನ್ಯಾವ್ದ್ನೂ ನಾನು ಕಂಡಿಲ್ಲ. ಕಾಣ್ದಿರೋ ಅಣ್ಣಿನ ರುಚಿ ಯೋಳಕ ನಾನೇನು ಎಲೆಕ್ಷನ್ನಿಗೆ ನಿಂತಿವ್ನ?"

"ಹಾಗಾದರೆ ಯಾರಿಗಾದರೂ ಕುಡಿಸಿ ಕೇಳಿ."

ಇದು ಮಾವನಿಗೆ ಹಿಡಿಸಿತು. ಊರಲ್ಲಿ ಈ ವಿಷಯದಲ್ಲಿ ನುರಿತವನೆಂದರೆ ಟ್ರಾಕ್ಟರ್ ಡ್ರೈವರ್ ಒಬ್ಬನೇ. ಯುಗಾದಿ ಕಳೆದ ಮೇಲೆ ಒಂದು ಸಂಜೆ ಅವನನ್ನು ಕೊಟ್ಟಿಗೆಗೆ ಕರೆಸಿದರು. ಕಾರ್ಕು ತೆಗೆಯುವ ಸಾಧನ ಯಾರ ಬಳಿಯೂ ಇರಲಿಲ್ಲ. ಅವನು ಟ್ರಾಕ್ಟರಿನ ಸ್ಕ್ರೂ ಒಂದನ್ನು ಕಾರ್ಕಿನೊಳಗೆ ತಿರುಗಿಸಿ ಇಳಿಸಿ, ಇಕ್ಕಳದಲ್ಲಿ ಹಿಡಿದು ಎಳೆದ. ಲೋಟಕ್ಕೆ ಬಗ್ಗಿಸಿಕೊಂಡು ಒಂದೇ ಗುಟುಕಿಗೆ ಖಾಲಿ ಮಾಡಿದ. ಮಾವ ಉಸಿರು ಬಿಗಿ ಹಿಡಿದು ಕೇಳಿದರು, "ಎಂಗದ ಕಣ್ಲಾ?"

"ಇನ್ನೂ ಗೊತ್ತಾಗ್ನಿಲ್ಲ ಕಣ್ ಗೌಡ್ರೆ."

ಇನ್ನೊಂದು ಲೋಟ. ಇನ್ನೂ ಅರ್ಧ. ಅವನು ಬಾಯಿ ಒರೆಸಿಕೊಂಡು ಬಹಳ ಬೇಜಾರಿನಿಂದ ಹೇಳಿದ, "ನಿಮ್ಗ ಯಾರೋ ಮೋಸ ಮಾಡವ್ರ. ಇದ್ರಲ್ಲಿ ಏನೂ ಇಲ್ಲ. ಏರ್ದೆ ಇರಾದ್ಕ ರುಚಿ ಎಲ್ಲಿಂದ ಬಂದದು?"

ನಲವತ್ತು ವರ್ಷದ ಅನುಭವಸ್ಥನ ತೀರ್ಪು ಇಷ್ಟೇ ಆಯಿತು. ಇದನ್ನು ಆ ಮುದುಕರ ಮುಂದೆ ಹೇಳಲಾದೀತೇ? ಉಳಿದದ್ದಾದರೂ ಜೋಪಾನವಾಗಿರಲಿ ಎಂದು ಮಾವ ಕಾರ್ಕು ಒತ್ತಿ, ಇದ್ದಿಲಿನಲ್ಲಿ ಬಾಟಲಿಯ ಮೇಲೆ ಗೆರೆ ಎಳೆದು, ಗೋಣಿ ಸುತ್ತಿ ಬಂದರು.

ಮಾರನೆಯ ದಿನ ಗೆರೆಯಿಂದ ಎರಡು ಬೆರಳು ಕೆಳಗಿಳಿದಿತ್ತು!

ಮೊದಲ ಅನುಮಾನ ಯಾರ ಮೇಲೆ ಬಂತು ಹೇಳಿ? ನನ್ನ ಮೇಲೆ. ಹಿಂದಿನ ದಿನ ಕೊಟ್ಟಿಗೆಯಲ್ಲಿ ನಾನೂ ಇದ್ದೆನಲ್ಲ. "ಓದ್ದೋರ್ಗ ಇಂಥವೆಲ್ಲ ಗೊತ್ತಿರ್ತದ" ಎಂದು ಮಾವ ಗೋಡೆಯ ಕಡೆ ತಿರುಗಿ ಹೇಳಿದರು. ನೂರು ಮಕ್ಕಳಿಗೆ ಪಾಠ ಹೇಳುವವಳು ನಾನು, ದುಃಖವೂ ಬಂತು, ನಗುವೂ ಬಂತು. ಲಿಂಗ ಮುಟ್ಟಿ ಇಲ್ಲವೆಂದ ಮೇಲೆ ಅನುಮಾನ ಹಸುವಿನ ಕಡೆ ಹೋಯಿತು. ಮಾವ ಅದರ ದವಡೆ ಹಿಡಿದು ಬಾಯಿ ಮೂಸಿ ನೋಡಿದರು. ಹಸು ಅವರ ಮುಖಕ್ಕೇ ಸೀನಿತು. ಅತ್ತೆ ಪೊರಕೆ ಹಿಡಿದು ಕೊಟ್ಟಿಗೆ ಗುಡಿಸುತ್ತಿದ್ದರು. "ಬೆಳ್ಗಾಗೆದ್ದು ಮೂಕಪ್ರಾಣಿ ಮ್ಯಾಲ ಯಾಕ ಗುಮಾನಿ? ಆವಿಯಾಗೋಗಿರ್ತದ" ಅಂದರು. ನಾವು ನಂಬಿದೆವು.

ತೆರೆದ ವೈನು ಬಹಳ ದಿನ ಬಾಳುವುದಿಲ್ಲ ಎಂದು ನಾನು ತಡವಾಗಿ ಓದಿದೆ. ವಾರ ಕಳೆದು ಮೂಸಿದರೆ ಹುಳಿ ನಾತ. ಅಲ್ಲಿಗೆ ಮುಗಿಯಿತು. ಇನ್ನು ಲೋಕದಲ್ಲಿ ಯಾರಿಗೆ ಕುಡಿಸಿದರೂ ಆ ರುಚಿ ಸಿಗುವುದಿಲ್ಲ. ಅದನ್ನೆಲ್ಲ ತಿಪ್ಪೆಗೆ ಚೆಲ್ಲಿ, ಬಾಟಲಿ ತೊಳೆದು, ಮಾವ ಮತ್ತೆ ಗೂಡಿನಲ್ಲೇ ಇಟ್ಟರು.

ಆಮೇಲಿನ ತಿಂಗಳುಗಳಲ್ಲಿ ಮಾವ ಸೊರಗಿಹೋದರು. ನಗಬೇಡಿ, ನಿಜವಾಗಿ ಸೊರಗಿದರು. ರಾತ್ರಿ ಎದ್ದು ಕೂರುತ್ತಾರೆ ಎಂದು ಅತ್ತೆ ಹೇಳಿದರು. ಒಂದು ದಿನ ನನ್ನನ್ನು ಕರೆದು, "ಮಾತು ತಪ್ಪೋದೆ ಅಂತ ತಮಿಳ್ನಲ್ಲಿ ಎಂಗ ಯೋಳುದ್ರ ಮರ್ಯಾದಿ?" ಎಂದು ಕೇಳಿದರು. ಇದೇ ಸುಮಾರಿಗೆ ಅತ್ತೆ ಸೋಮವಾರ ಸೋಮವಾರ ಉಪವಾಸ ಹಿಡಿದಿದ್ದರು. ಯಾಕೆ ಎಂದರೆ ಮಂಡಿನೋವಿಗೆ ಎಂದರು. ಮಂಡಿಗೂ ಹೊಟ್ಟೆಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ.

ಮಾಗಿ ಬಂತು. ಆ ಮುದುಕರೂ ಬಂದರು. ಅದೇ ಟ್ಯಾಕ್ಸಿ, ಅದೇ ಡ್ರೈವರು, ದಿಂಬಂನ ಟೀ ಅಂಗಡಿಯಲ್ಲಿ ವಿಚಾರಿಸಿಕೊಂಡು, ಹಾಸನೂರು ದಾಟಿ, ನೇರ ನಮ್ಮ ಮಾವನ ಜಗಲಿಗೆ. ಅವತ್ತು ಭಾನುವಾರ, ನಾನೂ ಅಲ್ಲಿದ್ದೆ. ಅತ್ತೆ ಬಿಸಿ ರೊಟ್ಟಿ, ಹುಚ್ಚೆಳ್ಳು ಪುಡಿ ತಂದಿಟ್ಟರು. ಅವರು ತಿಂದು, ಕಣ್ಣು ಮುಚ್ಚಿ ತೆರೆದು, ಕೈ ಒರೆಸಿಕೊಂಡು ಮಾವನ ಮುಖ ನೋಡಿದರು. ಡ್ರೈವರು ತಮಿಳಿನಲ್ಲಿ ಹೇಳಿದರು, ರುಚಿ ಹೇಗಿತ್ತು ಅಂತ ಕೇಳುತ್ತಿದ್ದಾರೆ ಎಂದು.

ಮಾವ ಶುರು ಮಾಡಿದರು. ನಿಮ್ಮ ಬೆಟ್ಟ ಇಂಥದ್ದು, ನಿಮ್ಮ ಚಪ್ಪರ ಇಷ್ಟು ಎತ್ತರ, ನಿಮ್ಮ ರಾಜ್ಯ ಅವರದ್ದು, ನಿಮ್ಮ ಮಾತು ಬೇರೆ, ನಮ್ಮದೂ ಅದೇ ಪಾಡು. ಮುದುಕರು ಖುಷಿಯಿಂದ ತಲೆದೂಗಿದರು. ಎಲ್ಲ ಮುಗಿದ ಮೇಲೆ ಮತ್ತೆ ಕೇಳಿದರು, ಅದೆಲ್ಲ ಸರಿ, ರುಚಿ?

ಮಾವ ಎದ್ದು ನಿಂತರು. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಎಪ್ಪತ್ತು ವರ್ಷ ಒಂದು ಮಾತೂ ತಪ್ಪದ ಮನುಷ್ಯ ಹಾಗೆ ತಲೆ ತಗ್ಗಿಸಿ ನಿಂತದ್ದನ್ನು ನನ್ನಿಂದ ನೋಡಲಾಗಲಿಲ್ಲ.

"ಮೊದ್ಲು ಕವಳೆಅಣ್ಣು" ಎಂಬ ದನಿ ಬಾಗಿಲಿನಿಂದ ಬಂತು.

ಎಲ್ಲರೂ ತಿರುಗಿದೆವು. ಅತ್ತೆ ಸೆರಗನ್ನು ಬಿಗಿಯಾಗಿ ಹೊದ್ದು, ನೆಲ ನೋಡುತ್ತಾ ನಿಂತಿದ್ದರು.

"ಪೂರಾ ಅಣ್ಣಾಗಿರೋದಲ್ಲ. ಕೆಂಪುಗಿರ್ತದಲ್ಲ, ಅರ್ದ ಸೀ ಅರ್ದ ಉಳಿ, ಅದು. ಆಮ್ಯಾಲ ಏನೋ ಊವಿನ ವಾಸ್ನ, ಮೂಗಿಗ್ ಬತ್ತದ, ನಾಲ್ಗೆಗ್ ಸಿಕ್ಕಲ್ಲ. ಗಂಟ್ಲಲ್ಲಿ ಭಾರ ಇಲ್ಲ, ನೀರಂಗ ಇಳೀತದ. ಕೊನೇಲಿ ಅಸಿ ಕಡ್ಲೆಕಾಯಿ ಬೀಜದ್ ಮ್ಯಾಲ ಕೆಂಪುನ ಸಿಪ್ಪ ಇರ್ತದಲ್ಲ, ಅದ್ನ ಕಚ್ಚುದಂಗ ಒಂಚೂರು ಒಗರು. ಮಾಡ್ದೋರ್ದು ಅವ್ಸರದ ಕೈಯಲ್ಲ ಅಂತ ಯೋಳಿ ಅವ್ರ್ಗ."

ನಾನೇ ಇಂಗ್ಲಿಷಿಗೆ ತಂದೆ. ಕವಳೆಹಣ್ಣಿಗೆ ನಮ್ಮ ಕಾಡಿನ ಹುಳಿಸಿಹಿ ಹಣ್ಣು ಎಂದೆ. ಕಡಲೆಕಾಯಿ ಸಿಪ್ಪೆ ಮುದುಕರಿಗೆ ತಿಳಿಯಲಿಲ್ಲ. ಅತ್ತೆ ಒಳಗೆ ಹೋಗಿ ಒಂದು ಹಿಡಿ ಹಸಿ ಬೀಜ ತಂದು ಜಗಲಿಯ ಮೇಲಿಟ್ಟರು. ಅವರು ಒಂದನ್ನು ಕಚ್ಚಿ, ಕಣ್ಣು ಮುಚ್ಚಿದರು. ತೆರೆದಾಗ ಕಣ್ಣು ಒದ್ದೆಯಾಗಿತ್ತು. ಹೌದು, ಇದೇ, ಎಂದರು. ಎದ್ದು ನಿಂತು ಅತ್ತೆಯ ಕಡೆಗೆ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು.

ಹೊರಡುವಾಗ ಅತ್ತೆ ಗೂಡಿನ ಬಾಟಲಿಯನ್ನು ತರಿಸಿ, ಕತ್ತಿನವರೆಗೆ ಹುಚ್ಚೆಳ್ಳು ಪುಡಿ ತುಂಬಿ, ಅದೇ ಕಾರ್ಕು ಒತ್ತಿ ಕೊಟ್ಟರು. ಬರಿದು ಬಾಟಲಿ ಕೊಟ್ಟು ಕಳಿಸುವುದುಂಟೇ?

ಟ್ಯಾಕ್ಸಿಯ ಧೂಳು ಇಳಿದ ಮೇಲೆ ಮಾವ ಮೆಲ್ಲಗೆ ಕೇಳಿದರು, "ಯಾವಾಗಮ್ಮಿ?"

"ಆ ಟ್ರಾಕ್ಟರ್ನೋನು ಕುಡ್ದು ಬುಟ್ಟೋದ ಮಾರ್ನೆ ದಿನ. ಕೊಟ್ಗ ಗುಡ್ಸೋವಾಗ."

"ನಂಗ ಅವತ್ತೇ ಯೋಳಿದ್ರ ನಾನು ರುಚಿ ಕೇಳ್ಕಂಡು ನೆಮ್ದಿಯಾಗಿ ಇರ್ತಿದ್ನಲ್ಲ."

"ನಾನು ಕುಡ್ದಿ ಅಂತ ಎಂಗ ಯೋಳ್ಲಿ ನಿಮ್ಗ? ನಾಚ್ಕ ಆಯ್ತು, ಬಾಯ್ ಬರ್ನಿಲ್ಲ. ಇವತ್ತು ನೀವು ತಲ ತಗ್ಸಿ ನಿಂತ್ಕಂಡ್ರಲ್ಲ, ಆಗ ತಡಿಯಕ್ಕಾಗ್ನಿಲ್ಲ."

"ಪಾಪ ಸುತ್ಕಳಲ್ವ?"

"ಸುತ್ಕಳ್ಳಿ. ನಿಮ್ ಮಾತು ಉಳೀಲಿ ಅಂತ ಕುಡ್ದಿ. ಪಾಪ ನನ್ನ್ ಮ್ಯಾಲಿರ್ಲಿ. ಅದ್ಕೇ ಸ್ವಾಮಾರ ಉಪಾಸ ಇವ್ನಿ."

ಎಂದು ಹೇಳಿ ಅತ್ತೆ ಹೋಗಿ ಬಾಯಿ ಮುಕ್ಕಳಿಸಿ, ತಟ್ಟೆ ತೊಳೆಯಲು ಕೂತರು. ನನಗೆ ಅಳು ತಡೆಯಲಾಗಲಿಲ್ಲ. ಕೆಮ್ಮಿನ ಔಷಧಿಯನ್ನು ಎರಡು ಸಲ ಮೂಸುವ ಹೆಂಗಸು ಕೊಟ್ಟಿಗೆಯಲ್ಲಿ ಒಬ್ಬಳೇ ನಿಂತು, ಗಂಡನಿಗೋಸ್ಕರ ಆ ಗುಟುಕು ನುಂಗಿದ್ದಳು. ನುಂಗಿದ್ದಷ್ಟೇ ಅಲ್ಲ, ಒಂದು ಹನಿಯ ರುಚಿಯೂ ಮರೆಯದೆ ಇಷ್ಟು ತಿಂಗಳೂ ಒಬ್ಬಳೇ ಇಟ್ಟುಕೊಂಡಿದ್ದಳು. ಮಾವ ಹೋಗಿ ಹಸುವಿಗೆ ಹುಲ್ಲು ಹಾಕಿ, ಅದರ ಮುಖ ಸವರಿ ಬಂದರು.

ಮಾರನೆಯ ದಿನ ಸೋಮವಾರ. ಶಾಲೆಯ ಊಟದ ಬಿಡುವಿನಲ್ಲಿ ಹೋದೆ. ಒಲೆ ಹೊತ್ತಿರಲಿಲ್ಲ. ಎರಡು ತಟ್ಟೆ ಬೋರಲು ಬಿದ್ದಿದ್ದವು. ಜಗಲಿಯಲ್ಲಿ ಇಬ್ಬರೂ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು, ಬಾಯಿಗೆ ಮಾತ್ರ ಹಾಕಿಕೊಳ್ಳುತ್ತಿರಲಿಲ್ಲ.

"ನಿಮಗೂ ಮಂಡಿನೋವಾ ಮಾವ?" ಎಂದೆ.

"ಊಂ ಕಣವ್ವ" ಅಂದರು ಮಾವ, ಅತ್ತೆಯ ಕಡೆ ನೋಡದೆ. "ಇಬ್ರುಗೂ ಒಂದೇ ನೋವು."